ಕಣ್ಣಿಗೆ ಮನಸ್ಸು ಕೇಳುವ ಪ್ರಶ್ನೆ

ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎಂಬ ಮಾತು ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಕೋರ್ಟಿನಲ್ಲಿ, ಪತ್ರಿಕೆಯಲ್ಲಿ, ಜಮೀನಿನ ವ್ಯಾಜ್ಯದಲ್ಲಿ ಒಂದು ಫೋಟೊ ಮುಂದಿಟ್ಟರೆ ವಾದ ಮುಗಿಯಿತೆಂದೇ ತಿಳಿಯುತ್ತೇವೆ. ಇದಕ್ಕೆ ನೇರ ವಿರುದ್ಧವಾದ ಮಾತೂ ಈಚೆಗೆ ಹೆಚ್ಚಾಗಿ ಕೇಳಿಬರುತ್ತಿದೆ: ಫೋಟೊ ಎಂಬುದೆಲ್ಲ ತೆಗೆದವರ ಕಲ್ಪನೆ, ಅವರ ಮನಸ್ಸು ಹೇಗೋ ಚಿತ್ರವೂ ಹಾಗೆ, ಅದನ್ನು ನಂಬುವುದೇ ತಪ್ಪು ಎಂದು. ಎರಡಕ್ಕೂ ಅರ್ಧರ್ಧ ತಲೆದೂಗಿ ಸುಮ್ಮನಾಗುವುದು ಸುಲಭ. ನನಗೆ ಹಾಗೆ ಸುಮ್ಮನಾಗಲು ಇಷ್ಟವಿಲ್ಲ. ಛಾಯಾಗ್ರಾಹಕರ ಮನಃಸ್ಥಿತಿಯನ್ನು ನಾವು ಚಿತ್ರದ ಮೇಲೆ ಆಮೇಲೆ ಬಳಿದ ಬಣ್ಣವೆಂದು ತಿಳಿಯುತ್ತೇವೆ. ಅದರ ಕೆಲಸ ಇರುವುದು ಚಿತ್ರಕ್ಕಿಂತ ಮೊದಲು. ಮನಸ್ಸು ಕಣ್ಣಿಗೆ ಒಂದು ಪ್ರಶ್ನೆ ಕೊಟ್ಟು ಹೊರಗೆ ಕಳಿಸುತ್ತದೆ. ಕಣ್ಣು ಹುಡುಕಿ ತರುವ ಉತ್ತರವೇ ಚಿತ್ರ. ಪ್ರಶ್ನೆ ತೆಗೆಯುವವರದು, ಉತ್ತರ ಮಾತ್ರ ಹೊರಗಿನ ಜಗತ್ತಿನದು. ಈ ವಿಂಗಡಣೆ ಸ್ಪಷ್ಟವಾದರೆ ಚಿತ್ರವನ್ನು ಎಷ್ಟು ನಂಬಬೇಕು, ಎಲ್ಲಿ ನಂಬಬಾರದು ಎಂಬುದೂ ಸ್ಪಷ್ಟವಾಗುತ್ತದೆ ಎಂದು ನನ್ನ ವಾದ. ಬಾನುಲಿಯಲ್ಲಿ ಚಿತ್ರ ತೋರಿಸಲಾಗದು. ಆದ್ದರಿಂದ ಕೆಲವೇ ಚಿತ್ರಗಳನ್ನು ಆರಿಸಿಕೊಂಡು ಮಾತಿನಲ್ಲೇ ಕಟ್ಟಿಕೊಡಲು ಯತ್ನಿಸುತ್ತೇನೆ.

ಮೊದಲು ಕಣ್ಣಿನ ವಿಷಯ. ಎದುರಿನ ದೃಶ್ಯ ನಮಗೆ ಇಡಿಯಾಗಿ, ಒಂದೇ ಸಲಕ್ಕೆ, ಎಲ್ಲ ಕಡೆಯೂ ಸ್ಪಷ್ಟವಾಗಿ ಕಾಣುತ್ತದೆ ಎಂದು ನಾವು ತಿಳಿದಿದ್ದೇವೆ. ಕಣ್ಣಿನ ರಚನೆ ಹಾಗಿಲ್ಲ. ರೆಟಿನಾದ ನಡುವಿನ ಒಂದು ಸಣ್ಣ ಕುಳಿಗೆ ಮಾತ್ರ ಸೂಕ್ಷ್ಮ ವಿವರಗಳು ತಿಳಿಯುತ್ತವೆ. ಅದರ ವ್ಯಾಪ್ತಿ ಸುಮಾರು 2 ಡಿಗ್ರಿ. ಕೈಯನ್ನು ಪೂರ್ತಿ ಮುಂದಕ್ಕೆ ಚಾಚಿದಾಗ ಹೆಬ್ಬೆರಳಿನ ಉಗುರು ಎಷ್ಟು ಜಾಗವನ್ನು ಮುಚ್ಚುತ್ತದೋ ಹೆಚ್ಚುಕಡಿಮೆ ಅಷ್ಟು. ಉಳಿದದ್ದೆಲ್ಲ ಮಸುಕು. ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಅಲ್ಲಿಂದಿಲ್ಲಿಗೆ ಜಿಗಿಯುತ್ತದೆ, ಜಿಗಿದಲ್ಲೆಲ್ಲ ಒಂದಿಷ್ಟು ಹೆಕ್ಕುತ್ತದೆ, ಹೆಕ್ಕಿದ್ದನ್ನು ಮಿದುಳು ಹೊಲಿದು ಒಂದು ದೃಶ್ಯ ಮಾಡುತ್ತದೆ. ಹಾಗಾದರೆ ಎಲ್ಲಿಗೆ ಜಿಗಿಯಬೇಕೆಂದು ಹೇಳುವವರಾರು? ರಷ್ಯಾದ ವಿಜ್ಞಾನಿ ಆಲ್ಫ್ರೆಡ್ ಯಾರ್ಬಸ್ ಇದನ್ನೇ ಪರೀಕ್ಷಿಸಿದರು. ಅವರ ಪುಸ್ತಕ 1967ರಲ್ಲಿ ಇಂಗ್ಲಿಷಿಗೆ ಬಂತು. ಇಲ್ಯಾ ರೆಪಿನ್ ಬರೆದ ಒಂದು ವರ್ಣಚಿತ್ರವನ್ನು ಅವರು ಒಬ್ಬರೇ ವ್ಯಕ್ತಿಗೆ ಮತ್ತೆ ಮತ್ತೆ ತೋರಿಸಿದರು. ಬಹುಕಾಲ ದೂರವಿದ್ದವನೊಬ್ಬ ಹೇಳದೆ ಕೇಳದೆ ಮನೆಗೆ ಮರಳಿ ಬಂದು ಕೋಣೆಯೊಳಗೆ ಕಾಲಿಟ್ಟ ಗಳಿಗೆ ಆ ಚಿತ್ರದಲ್ಲಿದೆ. ಈ ಜನರ ವಯಸ್ಸೆಷ್ಟು ಎಂದು ಕೇಳಿದಾಗ ನೋಡುವವರ ಕಣ್ಣು ಮುಖದಿಂದ ಮುಖಕ್ಕೆ ಓಡಿತು. ಮನೆಯ ಸ್ಥಿತಿಗತಿ ಹೇಗಿದೆ ಎಂದಾಗ ಪೀಠೋಪಕರಣ, ಬಟ್ಟೆಬರೆಗಳ ಮೇಲೆ ಸುಳಿದಾಡಿತು. ಬಂದವನು ಎಷ್ಟು ಕಾಲ ದೂರವಿದ್ದಿರಬಹುದು ಎಂದಾಗ ಅವನ ಮುಖಕ್ಕೂ ಮನೆಯವರ ಮುಖಕ್ಕೂ ನಡುವೆ ಹೋಗಿಬರುತ್ತಲೇ ಇತ್ತು. ಚಿತ್ರ ಅದೇ, ಕಣ್ಣು ಅದೇ, ಬದಲಾದದ್ದು ಪ್ರಶ್ನೆಯೊಂದೇ. ಪ್ರಶ್ನೆಯ ಹೊರಗಿರುವುದು ಎಷ್ಟರಮಟ್ಟಿಗೆ ಕಾಣದೆ ಹೋಗುತ್ತದೆ ಎಂಬುದನ್ನು 1999ರಲ್ಲಿ ಮನೋವಿಜ್ಞಾನಿಗಳಾದ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೊಫರ್ ಶಾಬ್ರಿ ತೋರಿಸಿದರು. ಚೆಂಡು ಎಷ್ಟು ಸಲ ಕೈಬದಲಾಯಿತೆಂದು ಎಣಿಸುತ್ತ ವಿಡಿಯೊ ನೋಡಿದವರಲ್ಲಿ ಸುಮಾರು ಅರ್ಧ ಜನ, ಆಟದ ನಡುವೆ ನಡೆದುಹೋದ ಗೊರಿಲ್ಲಾ ವೇಷದ ವ್ಯಕ್ತಿಯನ್ನು ಗಮನಿಸಲೇ ಇಲ್ಲ.

ಈ ಪ್ರಯೋಗಗಳಲ್ಲಿ ಪ್ರಶ್ನೆ ಹೊರಗಿನಿಂದ ಬಂತು. ಛಾಯಾಗ್ರಾಹಕರಿಗೆ ಹಾಗೆ ಪ್ರಶ್ನೆ ಹಿಡಿದುಕೊಂಡು ನಿಲ್ಲುವವರು ಯಾರೂ ಇರುವುದಿಲ್ಲ. ಆ ಕೆಲಸವನ್ನು ಅವರ ಭಾವ ಮಾಡುತ್ತದೆ. ಹೆದರಿದವರ ಕಣ್ಣು ಬಾಗಿಲೆಲ್ಲಿ ಎಂದು ಕೇಳುತ್ತದೆ, ಅಗಲಿಕೆಯಲ್ಲಿರುವವರ ಕಣ್ಣು ಇಲ್ಲಿ ಯಾರಿಲ್ಲ ಎಂದು ಕೇಳುತ್ತದೆ. ಕೋಪ, ಕರುಣೆ, ಬೆರಗು ಎಲ್ಲವೂ ಹೀಗೆ ಮಾತಿಲ್ಲದ ಪ್ರಶ್ನೆಗಳೇ. ಇದು ಬರೀ ಊಹೆಯಲ್ಲ ಎನ್ನಲು ಒಂದೇ ಜಾಗ, ಒಂದೇ ಕಾಲ, ಬೇರೆ ಬೇರೆ ಕಣ್ಣುಗಳು ಇರುವ ಉದಾಹರಣೆ ಬೇಕು. ಅದೃಷ್ಟಕ್ಕೆ ಚರಿತ್ರೆಯಲ್ಲಿ ಅಂಥದ್ದೊಂದಿದೆ.

1941ರ ಡಿಸೆಂಬರ್‌ನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ಮರುವರ್ಷ ಫೆಬ್ರವರಿ 19ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆದೇಶದ ಬಲದಿಂದ, ಪಶ್ಚಿಮ ಕರಾವಳಿಯಲ್ಲಿದ್ದ ಜಪಾನೀ ಮೂಲದ ಸುಮಾರು 1,20,000 ಜನರನ್ನು ಮನೆ, ಹೊಲ, ಅಂಗಡಿಗಳಿಂದ ಎಬ್ಬಿಸಿ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದ ಪ್ರಜೆಗಳೇ. ಅಂಥ ಹತ್ತು ಶಿಬಿರಗಳಲ್ಲಿ ಮ್ಯಾನ್ಜನಾರ್ ಒಂದು. ಕ್ಯಾಲಿಫೋರ್ನಿಯಾದ ಓವೆನ್ಸ್ ಕಣಿವೆಯಲ್ಲಿ, ಸಿಯೆರಾ ನೆವಾಡ ಪರ್ವತಸಾಲಿನ ಪೂರ್ವದ ತಪ್ಪಲಿನಲ್ಲಿ, ಮುಳ್ಳುತಂತಿಯ ಬೇಲಿಯೊಳಗೆ ಹತ್ತು ಸಾವಿರಕ್ಕೂ ಹೆಚ್ಚು ಜನ ಅಲ್ಲಿದ್ದರು. ಈ ಶಿಬಿರವನ್ನು ಮೂವರು ದೊಡ್ಡ ಛಾಯಾಗ್ರಾಹಕರು ಚಿತ್ರಿಸಿದರು. ಮೊದಲಿಗೆ ಬಂದವರು ಡೊರೊಥಿಯಾ ಲ್ಯಾಂಗ್. 1930ರ ದಶಕದ ಆರ್ಥಿಕ ಕುಸಿತದಲ್ಲಿ ನೆಲೆ ಕಳೆದುಕೊಂಡ ರೈತರ ಚಿತ್ರಗಳಿಂದ ಹೆಸರಾದವರು ಅವರು. ಈ ಸ್ಥಳಾಂತರವನ್ನು ದಾಖಲಿಸಲು ಸರ್ಕಾರದ ಇಲಾಖೆಯೇ 1942ರಲ್ಲಿ ಅವರನ್ನು ನೇಮಿಸಿಕೊಂಡಿತ್ತು. ಅವರ ಚಿತ್ರಗಳಲ್ಲಿ ಮಕ್ಕಳು ಕುಟುಂಬದ ನಂಬರಿನ ಚೀಟಿಯನ್ನು ಕೋಟಿಗೆ ಕಟ್ಟಿಸಿಕೊಂಡು, ಗಂಟುಮೂಟೆಗಳ ಪಕ್ಕ, ಬಸ್ಸಿಗಾಗಿ ಕಾದಿದ್ದಾರೆ. 1942ರ ಜುಲೈ ಆರಂಭದಲ್ಲಿ ಮ್ಯಾನ್ಜನಾರಿನಲ್ಲಿ ತೆಗೆದ ಒಂದು ಚಿತ್ರದಲ್ಲಿ ಮರದ ಬ್ಯಾರಕ್ಕುಗಳ ಸಾಲು, ಅದನ್ನು ನುಂಗುವಂತೆ ಎದ್ದ ಧೂಳು, ಆ ಧೂಳಿನ ನಡುವೆ ಅಮೆರಿಕದ ಬಾವುಟ. ಅಲ್ಲಿ ಪರ್ವತಗಳೂ ಇವೆ, ಆದರೆ ಧೂಳಿನ ಹಿಂದೆ ಮಂಕಾಗಿ.

ಮರುವರ್ಷ ಅದೇ ಶಿಬಿರಕ್ಕೆ ಆನ್ಸೆಲ್ ಆಡಮ್ಸ್ ಬಂದರು. ಬೆಟ್ಟ, ಬಂಡೆ, ಆಕಾಶಗಳ ಚಿತ್ರಗಳಿಂದ ಪ್ರಸಿದ್ಧರು, ಸಿಯೆರಾ ಪರ್ವತಗಳನ್ನು ಬಾಲ್ಯದಿಂದ ಆರಾಧಿಸಿದವರು. ಅವರ ಚಿತ್ರಗಳಲ್ಲಿ ಜನ ನೇರವಾಗಿ ನಮ್ಮನ್ನೇ ನೋಡುತ್ತಾರೆ, ಬಹಳಷ್ಟು ಮಂದಿ ನಗುತ್ತಾರೆ. ಹೊಲದಲ್ಲಿ ಸಾಲಾಗಿ ದುಡಿಯುವವರ ಹಿಂದೆ ಹಿಮ ಹೊತ್ತ ಶಿಖರಗಳು ಚೂಪಾಗಿ, ಹೊಳೆಯುತ್ತ ನಿಂತಿವೆ. ಕಾವಲುಗೋಪುರವನ್ನು ಅವರು ಚಿತ್ರಿಸಲಿಲ್ಲ. ಗೋಪುರದ ಮೇಲೆ ನಿಂತು ಶಿಬಿರವನ್ನೂ ಅದರಾಚೆಯ ಪರ್ವತಗಳನ್ನೂ ಚಿತ್ರಿಸಿದರು. 1944ರಲ್ಲಿ ಈ ಚಿತ್ರಗಳ ಪುಸ್ತಕ ಪ್ರಕಟವಾಯಿತು. ಮೂರನೆಯವರು ಟೊಯೊ ಮಿಯಾಟಾಕೆ. ಅವರು ಹೊರಗಿನಿಂದ ಬಂದವರಲ್ಲ, ಒಳಗೆ ಬಂದಿಯಾದವರು. ಲಾಸ್ ಏಂಜಲೀಸ್‌ನಲ್ಲಿ ಸ್ವಂತ ಸ್ಟುಡಿಯೊ ಇದ್ದ ಅವರು ಕುಟುಂಬದೊಂದಿಗೆ ಬೇಲಿಯೊಳಗೆ ಹೋಗುವಾಗ ಒಂದು ಲೆನ್ಸನ್ನೂ ಫಿಲ್ಮ್ ಹೋಲ್ಡರನ್ನೂ ಕದ್ದುಮುಚ್ಚಿ ಒಯ್ದರು. ಬಂದಿಗಳ ಬಳಿ ಕ್ಯಾಮೆರಾ ಇರುವುದು ನಿಷಿದ್ಧ. ಬಡಗಿಯೊಬ್ಬರು ಮರದ ಪೆಟ್ಟಿಗೆ ಮಾಡಿಕೊಟ್ಟರು, ಅದೇ ಕ್ಯಾಮೆರಾ ಆಯಿತು. ಗುಟ್ಟು ಬಯಲಾದ ಮೇಲೆ, ಎಲ್ಲವನ್ನೂ ಅವರೇ ಅಣಿಮಾಡಬಹುದು, ಗುಂಡಿ ಒತ್ತುವುದು ಮಾತ್ರ ಬಿಳಿಯ ನೌಕರನಾಗಿರಬೇಕು ಎಂಬ ಕಟ್ಟಳೆ ಕೆಲಕಾಲ ಇತ್ತು. ಆಮೇಲೆ ಅದು ಸಡಿಲವಾಗಿ ಅವರೇ ಶಿಬಿರದ ಅಧಿಕೃತ ಛಾಯಾಗ್ರಾಹಕರಾದರು. ಮುಳ್ಳುತಂತಿಯ ಹಿಂದೆ ನಿಂತ ಮೂವರು ಹುಡುಗರ ಅವರ ಚಿತ್ರ ಇಂದು ಪ್ರಸಿದ್ಧ. ಮದುವೆ, ಶಾಲೆ, ಹಬ್ಬ, ಸಾವು, ಬೇಲಿ, ಎಲ್ಲವೂ ಅವರ ಚಿತ್ರಗಳಲ್ಲಿವೆ.

ಇಲ್ಲಿ ತಕ್ಷಣ ಏಳುವ ಆಕ್ಷೇಪ ಬಲವಾದದ್ದೇ. ಇದರಲ್ಲಿ ಮನಸ್ಸಿನ ಮಾತೇಕೆ, ಸರ್ಕಾರ ಬೇಲಿ, ಗೋಪುರ, ಕಾವಲುಗಾರರನ್ನು ಚಿತ್ರಿಸಬಾರದೆಂದು ವಿಧಿಸಿದ್ದರಿಂದ ಆಡಮ್ಸ್ ಚಿತ್ರಗಳು ಹಾಗಾದವು ಎನ್ನಬಹುದು. ಆದರೆ ಅದೇ ನಿರ್ಬಂಧಗಳು ಲ್ಯಾಂಗ್ ಅವರ ಮೇಲೂ ಇದ್ದವು. ಬೇಲಿಯನ್ನೇ ತೋರಿಸದೆ ಅವರು ಸೆರೆಯನ್ನು ತೋರಿಸಿದರು. ಎಷ್ಟು ತೋರಿಸಿದರೆಂದರೆ ಸೈನ್ಯದವರು ಅವರ ಅನೇಕ ಚಿತ್ರಗಳನ್ನು ಯುದ್ಧ ಮುಗಿಯುವವರೆಗೆ ಹೊರಬಿಡಲಿಲ್ಲ. ನಿಯಮ ಒಂದೇ ಆಗಿದ್ದೂ ಚಿತ್ರಗಳು ಬೇರೆಯಾದವು ಎಂದರೆ ಕಾರಣವನ್ನು ಬೇರೆಡೆಯೇ ಹುಡುಕಬೇಕು. ಇವರಿಂದ ಏನನ್ನು ಕಿತ್ತುಕೊಳ್ಳಲಾಗುತ್ತಿದೆ ಎಂಬುದು ಲ್ಯಾಂಗ್ ಅವರ ಪ್ರಶ್ನೆ. ಕಿತ್ತುಕೊಂಡ ಮೇಲೂ ಇವರಲ್ಲಿ ಏನು ಉಳಿದಿದೆ ಎಂಬುದು ಆಡಮ್ಸ್ ಅವರದು. ನಾಳೆ ನಮ್ಮ ಮಕ್ಕಳಿಗೆ ಇದು ಹೇಗೆ ತಿಳಿಯಬೇಕು ಎಂಬುದು ಮಿಯಾಟಾಕೆ ಅವರದು. ಮೂವರಲ್ಲಿ ಯಾರೂ ಇಲ್ಲದ್ದನ್ನು ಚಿತ್ರಿಸಲಿಲ್ಲ. ಧೂಳೂ ನಿಜ, ನಗೆಯೂ ನಿಜ, ತಂತಿಯೂ ನಿಜ. ಹಾಗೆಂದು ಮೂರೂ ಸಮಾನ ಎಂದು ನಾನು ಹೇಳಲಾರೆ. ಆಡಮ್ಸ್ ಅವರ ಪ್ರಶ್ನೆಯಲ್ಲಿ ಗೌರವವಿತ್ತು, ಆದರೆ ಅದು ಅನ್ಯಾಯದ ಬಗ್ಗೆ ಕೇಳಲಿಲ್ಲ. ಪರ್ವತಗಳ ಮೇಲಿನ ಅವರ ಹಳೆಯ ಪ್ರೀತಿ ಸೆರೆಮನೆಯ ಹಿನ್ನೆಲೆಯನ್ನೂ ಭವ್ಯ ಮಾಡಿಬಿಟ್ಟಿತು. ಲ್ಯಾಂಗ್ ಅವರಿಗೆ ಈ ಚಿತ್ರಗಳು ಒಪ್ಪಿಗೆಯಾಗದಿದ್ದುದರಲ್ಲಿ ಆಶ್ಚರ್ಯವಿಲ್ಲ.

ಅದೇ ಆಡಮ್ಸ್ ಈ ಇಡೀ ವಿಷಯವನ್ನು ಬೇರೆ ಯಾರಿಗಿಂತಲೂ ಚೆನ್ನಾಗಿ ಅರಿತಿದ್ದರು ಎಂಬುದನ್ನೂ ಹೇಳಬೇಕು. 1927ರ ಏಪ್ರಿಲ್‌ನಲ್ಲಿ ಯೋಸೆಮಿಟಿ ಕಣಿವೆಯ ಹಾಫ್ ಡೋಮ್ ಎಂಬ ಮಹಾಬಂಡೆಯೆದುರು ಅವರು ನಿಂತಾಗ ಗಾಜಿನ ಪ್ಲೇಟುಗಳು ಎರಡೇ ಉಳಿದಿದ್ದವು. ಮೊದಲನೆಯದನ್ನು ಹಳದಿ ಫಿಲ್ಟರ್ ಹಾಕಿ ತೆಗೆದರು. ಒಡನೆಯೇ, ಬಂಡೆ ತನ್ನಲ್ಲಿ ಹುಟ್ಟಿಸಿದ ಭಾವ ಇದರಲ್ಲಿ ಬಾರದು ಎಂದು ಅವರಿಗೆ ಹೊಳೆಯಿತು. ಕಡೆಯ ಪ್ಲೇಟಿಗೆ ಗಾಢ ಕೆಂಪು ಫಿಲ್ಟರ್ ಹಾಕಿದರು. ಕೆಂಪು ಗಾಜು ನೀಲಿ ಬೆಳಕನ್ನು ತಡೆಯುತ್ತದೆ. ಆದ್ದರಿಂದ ಆಕಾಶ ಕಪ್ಪಾಗಿ, ಬಂಡೆಯ ಮುಖ ಅದರ ಮುಂದೆ ಹೆದರಿಕೆ ಹುಟ್ಟಿಸುವಂತೆ ಎದ್ದು ನಿಂತಿತು. ಭಾವ ಎಂದೊಡನೆ ಲೆಕ್ಕಾಚಾರವಿಲ್ಲದ ಆವೇಶ ಎಂದು ಭಾವಿಸುವವರು ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಇಲ್ಲಿ ಭಾವಕ್ಕೆ ದಾರಿ ಮಾಡಿಕೊಟ್ಟದ್ದು ಫಿಲ್ಟರಿನ ತಿಳಿವಳಿಕೆ. ಷಟರ್ ಬಿದ್ದ ಮೇಲೂ ಪ್ರಶ್ನೆ ಮುಗಿಯುವುದಿಲ್ಲ. 1941ರಲ್ಲಿ ನ್ಯೂ ಮೆಕ್ಸಿಕೊದ ಹೆರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿದ ಚಿತ್ರವನ್ನು ಅವರು ಒಂದೇ ನೆಗೆಟಿವ್‌ನಿಂದ ಸಾವಿರಕ್ಕೂ ಹೆಚ್ಚು ಸಲ ಪ್ರಿಂಟ್ ಹಾಕಿದರು. ಆರಂಭದ ಪ್ರಿಂಟುಗಳ ಆಕಾಶದಲ್ಲಿ ತೆಳುಮೋಡಗಳು ಕಾಣುತ್ತವೆ. ವರ್ಷ ಕಳೆದಂತೆ ಆಕಾಶ ಕಪ್ಪಾಗುತ್ತ ಹೋಗಿ, ಕೊನೆಯವುಗಳಲ್ಲಿ ಚಂದ್ರನ ಸುತ್ತ ಬರೀ ಕತ್ತಲು. ಆಯ್ಕೆಯಲ್ಲೂ ಇದೇ ಮಾತು. ರಾಬರ್ಟ್ ಫ್ರಾಂಕ್ 1955ರಿಂದ ಅಮೆರಿಕವನ್ನು ಸುತ್ತಿ ತೆಗೆದ ಸುಮಾರು 28,000 ಚಿತ್ರಗಳಲ್ಲಿ ಪುಸ್ತಕಕ್ಕೆ ಬಂದದ್ದು 83.

ಎಲ್ಲ ಭಾವವೂ ಹೀಗೆ ಚಿತ್ರದಲ್ಲಿ ನೋಡುವವರಿಗೆ ಸಿಗುತ್ತದೆಯೇ? ಇಲ್ಲ ಎಂದೇ ನನ್ನ ಉತ್ತರ. ಅಮೆರಿಕದ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಜ್ 1922ರಿಂದ ಮುಂದೆ ಎಷ್ಟೋ ವರ್ಷ ಮೋಡಗಳನ್ನು ಚಿತ್ರಿಸಿದರು. ಹೆಚ್ಚಿನವುಗಳಲ್ಲಿ ನೆಲವಿಲ್ಲ, ದಿಗಂತವಿಲ್ಲ. ಅವು ತಮ್ಮ ಅಂತರಂಗದ ಸ್ಥಿತಿಗಳಿಗೆ ಸಮನಾದ ರೂಪಗಳು ಎಂದು ಅವರು ನಂಬಿದ್ದರು. ಈ ಸ್ಟೀಗ್ಲಿಟ್ಜ್ ಅವರ 27 ಚಿತ್ರಗಳನ್ನು 1924ರಲ್ಲಿ ಬಾಸ್ಟನ್ನಿನ ಲಲಿತಕಲೆಗಳ ಸಂಗ್ರಹಾಲಯಕ್ಕೆ ಬರಮಾಡಿಕೊಂಡವರು, ಭಾರತೀಯ ಕಲಾಮೀಮಾಂಸೆಯನ್ನು ಪಶ್ಚಿಮಕ್ಕೆ ತಿಳಿಸಿಕೊಟ್ಟ ಆನಂದ ಕುಮಾರಸ್ವಾಮಿ. ಅಮೆರಿಕದ ಸಂಗ್ರಹಾಲಯಗಳು ಫೋಟೊವನ್ನು ಕಲೆಯೆಂದು ಒಪ್ಪಲು ಹಿಂದೇಟು ಹಾಕುತ್ತಿದ್ದ ಕಾಲವದು. ಆದರೆ ಮೋಡದ ಚಿತ್ರಗಳಿಗೆ ನಮ್ಮ ಮೀಮಾಂಸಕರೇ ಒಂದು ಪ್ರಶ್ನೆ ಹಾಕಿಯಾರು. ಕವಿಯ ಎದೆಯಲ್ಲಿ ಶೋಕವಿದ್ದರೆ ಸಾಲದು. ಅದಕ್ಕೆ ಕಾರಣವಾದ ವಿಭಾವ, ಅದರ ಹೊರಗುರುತಾದ ಅನುಭಾವ ಎರಡೂ ಕೃತಿಯೊಳಗೇ ಇರಬೇಕು, ಆಗಲೇ ಸಹೃದಯನಲ್ಲಿ ರಸ ಹುಟ್ಟುವುದು ಎಂಬುದು ಭರತನಿಂದ ಬಂದ ತಿಳಿವಳಿಕೆ. ಸ್ಟೀಗ್ಲಿಟ್ಜ್ ಮೋಡಗಳಲ್ಲಿ ಗಾಂಭೀರ್ಯ ಧಾರಾಳವಾಗಿದೆ. ಆದರೆ ಅದು ಯಾವ ದುಃಖ, ಯಾವ ಹಂಬಲ ಎಂಬುದಕ್ಕೆ ಚಿತ್ರದಲ್ಲಿ ಆಧಾರವಿಲ್ಲ. ಅವರು ಹೇಳಿದ್ದನ್ನು ನಾವು ನಂಬಿಕೊಳ್ಳಬೇಕು ಅಷ್ಟೆ.

ಇದರ ಪಕ್ಕದಲ್ಲಿ ಜಪಾನಿನ ಮಸಾಹಿಸಾ ಫುಕಾಸೆ ಅವರನ್ನು ನಿಲ್ಲಿಸಿ. ವರ್ಷಗಳ ಕಾಲ ಹೆಂಡತಿಯನ್ನೇ ಚಿತ್ರಿಸುತ್ತಿದ್ದ ಅವರು, 1976ರಲ್ಲಿ ದಾಂಪತ್ಯ ಮುರಿದಾಗ ತಮ್ಮ ಹುಟ್ಟೂರಿನ ಕಡೆಗೆ, ಹೊಕ್ಕೈಡೊಗೆ, ಪ್ರಯಾಣ ಹೊರಟರು. ದಾರಿಯುದ್ದಕ್ಕೂ ಅವರ ಕಣ್ಣಿಗೆ ಬಿದ್ದದ್ದು ಕಾಗೆಗಳು. ಮುಂದಿನ ಕೆಲವು ವರ್ಷ ಅದೇ ಗೀಳು. 1986ರಲ್ಲಿ ಬಂದ ಅವರ ಪುಸ್ತಕದಲ್ಲಿ ಹಿಮದ ಮೇಲಿನ ಹೆಜ್ಜೆಗುರುತು, ಎಲೆಯಿಲ್ಲದ ಮರದ ತುಂಬ ಕೂತ ಹಿಂಡು, ಫ್ಲ್ಯಾಶಿನ ಬೆಳಕಿಗೆ ಕತ್ತಲಲ್ಲಿ ಮಿನುಗುವ ಕಣ್ಣುಗಳು. ಅವರ ಬದುಕಿನ ಕಥೆ ತಿಳಿಯದವರನ್ನೂ ಆ ಪುಸ್ತಕ ಅಲುಗಿಸುತ್ತದೆ, ಏಕೆಂದರೆ ಒಂಟಿತನದ ವಿಭಾವಗಳು ಚಿತ್ರದೊಳಗೇ ಇವೆ. ನೋಡುವವರೂ ತಮ್ಮ ಪಾಲನ್ನು ತರುತ್ತಾರೆ ಎಂಬುದು ನಿಜ. ಕಾಗೆ ನಮಗೆ ಪಿತೃಪಕ್ಷದ ಹಕ್ಕಿ, ಪಿಂಡ ಮುಟ್ಟುವ ಹಕ್ಕಿ. ಕನ್ನಡದ ಮನೆಯೊಂದರಲ್ಲಿ ಬೆಳೆದವರು ಆ ಚಿತ್ರಗಳಲ್ಲಿ ಕಾಣುವ ಸತ್ತವರ ನೆನಪು ಫುಕಾಸೆ ಉದ್ದೇಶಿಸಿದ್ದಿರಲಾರದು. ಹಾಗಾದರೆ ಭಾವವೆಲ್ಲ ನೋಡುವವರದೇ ಎಂದು ಕೆಲವರು ವಾದಿಸುತ್ತಾರೆ. ಆದರೆ ಈ ಕಾಗೆಗಳನ್ನು ನೋಡಿ ಯಾವ ನಾಡಿನವರೂ ಉಲ್ಲಾಸಗೊಳ್ಳುವುದು ಕಷ್ಟ. ನೋಡುವವರ ಸ್ವಾತಂತ್ರ್ಯಕ್ಕೆ ಚಿತ್ರವೇ ಎಲ್ಲೆ ಹಾಕಿದೆ.

ಇನ್ನೊಂದು ಎಚ್ಚರಿಕೆ ನಮ್ಮ ಹಂಪಿಯಿಂದ ಬರುತ್ತದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಸೆರೆಹಿಡಿದರು. ಆ ಚಿತ್ರಗಳಲ್ಲಿ ಮೋಡವಿಲ್ಲದ ಬಿಳಿ ಆಕಾಶ, ಜನವಿಲ್ಲದ ಮಂಟಪಗಳು. ನೋಡಿದೊಡನೆ ಹಾಳು ನಗರದ ವಿಷಾದ ಮನಸ್ಸಿಗೆ ತಟ್ಟುತ್ತದೆ, ಅದು ಗ್ರೀನ್‌ಲಾ ಅವರದೇ ವಿಷಾದ ಎನ್ನಿಸುತ್ತದೆ. ಆದರೆ ಆ ಕಾಲದ ಕಾಗದ ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದರಿಂದ ಆಕಾಶ ಬಿಳುಚಿಕೊಳ್ಳುತ್ತಿತ್ತು. ಎಕ್ಸ್‌ಪೋಷರ್ ನಿಮಿಷಗಟ್ಟಲೆ ಹಿಡಿಯುತ್ತಿದ್ದರಿಂದ ನಡೆದಾಡುವವರು ಚಿತ್ರದಲ್ಲಿ ಮೂಡುತ್ತಲೇ ಇರಲಿಲ್ಲ. ರಸಾಯನದ ಗುಣವನ್ನು ನಾವು ಮನಸ್ಸಿನ ಗುಣವೆಂದು ಓದಬಾರದು. ಇದು ನನ್ನ ವಾದಕ್ಕೆ ಮಿತಿ ಹಾಕುವ ಸಾಕ್ಷಿ, ಅದನ್ನು ಒಪ್ಪುತ್ತೇನೆ. ಅದೇ ಚಿತ್ರಗಳು ಇನ್ನೊಂದು ಉಪಕಾರವನ್ನೂ ಮಾಡಿವೆ. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರವಿತ್ತು. ಇಂದು ಅದಿಲ್ಲ, ಅದರ ರೂಪ ನಮಗೆ ತಿಳಿಯುವುದು ಗ್ರೀನ್‌ಲಾ ಚಿತ್ರದಿಂದ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದ ಮೇಲೆ ಇಂಥ ವ್ಯತ್ಯಾಸಗಳು ಇನ್ನೂ ಸ್ಪಷ್ಟವಾದವು. ತೆಗೆದವರು ಯಾವ ಭಾವದಲ್ಲಿದ್ದರೂ ಕ್ಯಾಮೆರಾ ಅವರು ಕೇಳದ ಪ್ರಶ್ನೆಗಳಿಗೂ ಉತ್ತರ ಬರೆದಿಟ್ಟಿರುತ್ತದೆ. ಫೋಟೊ ಬರೀ ಕಲ್ಪನೆ ಎನ್ನುವವರಿಗೆ ಆ ಇಟ್ಟಿಗೆಯ ಶಿಖರವೇ ಉತ್ತರ.

ಸುದ್ದಿಚಿತ್ರದಲ್ಲಾದರೂ ಭಾವ ಬೇಡ, ಅಲ್ಲಿ ನಿರ್ಲಿಪ್ತತೆ ಬೇಕು ಎಂಬ ಆಗ್ರಹ ನ್ಯಾಯವಾಗಿ ಕಾಣುತ್ತದೆ. 1984ರ ಡಿಸೆಂಬರ್‌ನಲ್ಲಿ ಭೋಪಾಲದ ವಿಷಾನಿಲಕ್ಕೆ ಬಲಿಯಾದ ಒಂದು ಮಗುವನ್ನು ಹೂಳುತ್ತಿದ್ದಾಗ ರಘು ರಾಯ್ ಮತ್ತು ಪಾಬ್ಲೊ ಬಾರ್ಥಲೊಮ್ಯು ಇಬ್ಬರೂ ಚಿತ್ರ ತೆಗೆದರು. ರಾಯ್ ಅವರದು ಕಪ್ಪು-ಬಿಳುಪು. ಮಣ್ಣಿನ ನಡುವಿನ ಆ ಮುಖದ ಮೇಲೆ ಹೂಳುವವರ ಕೈಯಿದೆ. ಬಾರ್ಥಲೊಮ್ಯು ಅವರದು ವರ್ಣಚಿತ್ರ. ಆ ವರ್ಷದ ವರ್ಲ್ಡ್ ಪ್ರೆಸ್ ಫೋಟೊ ಪ್ರಶಸ್ತಿ ಅದಕ್ಕೆ ಸಂದಿತು. ಬಣ್ಣದಲ್ಲಿ ಆ ಮಣ್ಣು, ಆ ಕಣ್ಣು ನಿನ್ನೆಯ ಸಂಗತಿಯಾಗಿ ಎದೆಗೆ ಗುದ್ದುತ್ತವೆ. ಬಣ್ಣ ಕಳೆದಾಗ ಅದೇ ಗಳಿಗೆ ಮುಗಿಯದ ಶೋಕವಾಗುತ್ತದೆ. ಇಬ್ಬರೂ ನಿರ್ಲಿಪ್ತರಾಗಿರಲಿಲ್ಲ, ಆಗಿದ್ದರೆ ಆ ಚಿತ್ರಗಳು ಹುಟ್ಟುತ್ತಿರಲಿಲ್ಲ; ಆದರೂ ಇಬ್ಬರೂ ನಡೆದದ್ದನ್ನು ಬದಲಿಸಲಿಲ್ಲ. ಸುದ್ದಿಚಿತ್ರಕಾರರಿಂದ ನಾವು ಕೇಳಬೇಕಾದದ್ದು ಈ ಪ್ರಾಮಾಣಿಕತೆಯನ್ನು, ಭಾವಶೂನ್ಯತೆಯನ್ನಲ್ಲ. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ ತೆಗೆದ ಮಕ್ಕಳ ಚಿತ್ರಗಳಲ್ಲಿ ಬಡತನ ಮುಚ್ಚಿಟ್ಟಿಲ್ಲ. ಆದರೆ ಅವರು ಮೊದಲು ಕೇಳಿದ್ದು ಮಗುವನ್ನು, ಆಮೇಲೆ ಅದರ ಬಡತನವನ್ನು. ಅದು ಅವರ ಸ್ವಭಾವದಿಂದ ಬಂದ ಪ್ರಶ್ನೆ, ಮತ್ತು ನನ್ನ ದೃಷ್ಟಿಯಲ್ಲಿ ಅದೇ ಅವರ ದೊಡ್ಡತನ.

ಇಂದಿನ ಫೋನುಗಳ ವಿಷಯವನ್ನೂ ಹೇಳದೆ ಬಿಡಲಾಗದು. ಗುಂಡಿ ಒತ್ತಿದಾಗ ಫೋನು ಹಲವು ಚಿತ್ರಗಳನ್ನು ಒಟ್ಟಿಗೆ ತೆಗೆದು ಬೆರೆಸುತ್ತದೆ, ಕತ್ತಲನ್ನು ಬೆಳಗಿಸುತ್ತದೆ, ಆಕಾಶಕ್ಕೆ ನೀಲಿ ತುಂಬುತ್ತದೆ, ಎಷ್ಟೋ ಫೋನುಗಳು ಮುಖದ ಸುಕ್ಕನ್ನೂ ಅಳಿಸುತ್ತವೆ. ಆಡಮ್ಸ್ ಕೂಡ ಆಕಾಶ ಬದಲಿಸಲಿಲ್ಲವೇ ಎಂದು ಕೇಳಬಹುದು. ಬದಲಿಸಿದರು, ಆದರೆ ಆ ಬಂಡೆಯೆದುರು ನಿಂತು, ತಮಗಾದದ್ದೇನು ಎಂದು ತಮ್ಮನ್ನೇ ಕೇಳಿಕೊಂಡು ಬದಲಿಸಿದರು. ಫೋನಿನಲ್ಲಿ ಆ ಪ್ರಶ್ನೆಯನ್ನು ನಮ್ಮ ಪರವಾಗಿ ಬೇರಾರೋ, ನಾವು ನಿಂತ ಜಾಗವನ್ನು ಕಾಣದವರು, ಮೊದಲೇ ಕೇಳಿ ಮುಗಿಸಿದ್ದಾರೆ. ಉತ್ತರ ಯಾವಾಗಲೂ ಉಲ್ಲಾಸವೇ ಆಗಿರುವಂತೆ ಏರ್ಪಾಟು ಮಾಡಿದ್ದಾರೆ. ಮಳೆಗಾಲದ ಸಂಜೆಯ ಮಂಕು ಬೇಕೆನ್ನುವವರು ಫೋನಿನೊಂದಿಗೆ ಹೋರಾಡಬೇಕು. ಹೋರಾಡಿ ಎಂದೇ ನಾನು ಹೇಳುತ್ತೇನೆ. ಆ ಏರ್ಪಾಟುಗಳಲ್ಲಿ ಹಲವನ್ನು ನಿಲ್ಲಿಸಲು ಫೋನಿನಲ್ಲೇ ಅವಕಾಶವಿದೆ.

ಛಾಯಾಗ್ರಹಣ ಕಲಿಸುವ ಶಾಲೆ, ಕ್ಲಬ್ಬುಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಲ್ಲಿ ಷಟರ್, ಅಪರ್ಚರ್ ಕಲಿಸುವಷ್ಟೇ ಶ್ರದ್ಧೆಯಿಂದ, ಒಂದೇ ಸಂತೆಗೆ ಅಥವಾ ಒಂದೇ ಕೆರೆಯ ಏರಿಗೆ ಹತ್ತು ವಿದ್ಯಾರ್ಥಿಗಳನ್ನು ಕಳಿಸಿ, ಹತ್ತು ಚಿತ್ರಗಳನ್ನು ಅಕ್ಕಪಕ್ಕ ಹಾಕಿ, ಇವು ಯಾವ ಯಾವ ಪ್ರಶ್ನೆ ಕೇಳಿವೆ, ಯಾವುದನ್ನು ಕೇಳಿಲ್ಲ ಎಂದು ಚರ್ಚಿಸುವಂತಾಗಲಿ. ಈ ಅಭ್ಯಾಸವನ್ನು ಮ್ಯಾನ್ಜನಾರಿನಿಂದಲೇ ಆರಂಭಿಸಬಹುದು. ಆಡಮ್ಸ್ ತಮ್ಮ ಮ್ಯಾನ್ಜನಾರ್ ಚಿತ್ರಗಳನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟುಬಿಟ್ಟರು. ಲ್ಯಾಂಗ್ ಅವರವು ಅಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಎರಡನ್ನೂ ಇಂದು ಯಾರು ಬೇಕಾದರೂ ಅಂತರಜಾಲದಲ್ಲಿ ಹಣ ಕೊಡದೆ ನೋಡಬಹುದು. ಮೊದಲು ಲ್ಯಾಂಗ್ ಅವರ ಚಿತ್ರಗಳನ್ನು, ಆಮೇಲೆ ಆಡಮ್ಸ್ ಅವರವನ್ನು, ಕೊನೆಗೆ ಮಿಯಾಟಾಕೆ ಅವರ ಮೂವರು ಹುಡುಗರನ್ನು ನೋಡಿ.